ಜರಿ ಅಂಚಿನ ಹರಿಗೋಲು

1947ನೆಯ ಇಸವಿ ಮಾರ್ಚ್ 9, ಭಾನುವಾರ, ಬೆಳಿಗ್ಗೆ ಆರೂವರೆ. ನಿಜಾಮ ಸರಕಾರದ ಲೆಕ್ಕದಲ್ಲಿ ಫಸಲಿ 1356. ಹರಿಗೋಲನ್ನು ಈಗಷ್ಟೇ ದಂಡೆಗೆ ಎಳೆದು ಹಾಕಿ ಬಂದಿದ್ದೇನೆ. ನಾಳೆ ಅದರ ಹೊದಿಕೆ ಬಿಚ್ಚಬೇಕು. ಬಿಚ್ಚುವ ಮೊದಲು, ನಾಲ್ಕು ವರ್ಷದ ಹಿಂದಿನ ರಿಪೇರಿಯಲ್ಲಿ ಏನೇನು ನಡೆಯಿತೆಂಬುದನ್ನು ಮೊದಲಿನಿಂದ ಬರೆದು ಪತ್ರಿಕೆಗೆ ಕಳಿಸಬೇಕೆಂದು ಕುಳಿತೆ.

ನಮ್ಮ ಊರು ಗಂಗಾವತಿಯಿಂದ ಕೆಳಕ್ಕೆ, ತುಂಗಭದ್ರೆಯ ದಂಡೆಯ ಮೇಲಿದೆ. ಈ ದಂಡೆ ನಿಜಾಮರದು, ಆ ದಂಡೆ ಬ್ರಿಟಿಷರದು, ನಮ್ಮವರ ಬಾಯಲ್ಲಿ ಇನ್ನೂ ಕಂಪನಿ ಸರಕಾರದ್ದು. ನಡುವಿನ ಈ ಕಡವಿನಲ್ಲಿ ಜನರನ್ನು ದಾಟಿಸುವುದು ನಮ್ಮ ಮನೆಯ ಕೆಲಸ. ಕೂಗಿದರೆ ಅಷ್ಟು ದೂರ ಕೇಳುವುದಿಲ್ಲ. ಅದಕ್ಕೆ ಆ ದಂಡೆಯವರು ಧೋತರವನ್ನೋ ರುಮಾಲನ್ನೋ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಲ್ಲುತ್ತಾರೆ. ಬಟ್ಟೆ ಎತ್ತಿದರೆ ಹರಿಗೋಲು ಬೇಕೆಂದು ಅರ್ಥ. ಬಟ್ಟೆ ಕಂಡ ಮೇಲೆ ಅಪ್ಪ ಊಟದ ಮುಂದಿನಿಂದಲೂ ಎದ್ದು ಹೋಗುತ್ತಿದ್ದ.

ಹರಿಗೋಲು ಅಜ್ಜನ ಕಾಲದ್ದು. ಎಂಟು ಮೊಳ ಅಗಲ. ಬಿದಿರಿನ ಬುಟ್ಟಿ ಅಜ್ಜ ಹೆಣೆದದ್ದೇ, ನಡುನಡುವೆ ಮುರಿದ ಸೀಳುಗಳನ್ನು ಅಪ್ಪ ಬದಲಿಸಿದ್ದಾನೆ. ಮೇಲಿನ ಹೊದಿಕೆ ಎಮ್ಮೆಯ ಚರ್ಮ. ಚರ್ಮದ ಹರಿಗೋಲನ್ನು ನೋಡಿಕೊಳ್ಳುವುದಕ್ಕೆ ಎರಡು ಪದ್ಧತಿಗಳಿವೆ, ನಮ್ಮ ಮನೆಯಲ್ಲಿ ಮಾತು ಕಲಿಯುವ ಮೊದಲೇ ಅವನ್ನು ಕಲಿಯುತ್ತೇವೆ. ಒಂದು, ಪ್ರತಿದಿನ ಕೆಲಸ ಮುಗಿದ ಮೇಲೆ ದಂಡೆಗೆ ಎಳೆದು, ತಳ ಮೇಲಾಗಿ ಮಗುಚಿ, ಬಿಸಿಲಿಗೆ ಒಣಗಿಸಬೇಕು. ಇಲ್ಲದಿದ್ದರೆ ಚರ್ಮ ಕೊಳೆಯುತ್ತದೆ. ಎರಡು, ಒಣಗಿದ ಚರ್ಮ ನೀರಿಗಿಳಿದೊಡನೆ ಸ್ವಲ್ಪ ಜಿನುಗುತ್ತದೆ, ಅದಕ್ಕೆ ಹೆದರಬಾರದು. ನೀರು ಕುಡಿದ ಮೇಲೆ ಚರ್ಮ ಉಬ್ಬಿ ಹೊಲಿಗೆ ತಾನೇ ಬಿಗಿಯುತ್ತದೆ.

1943ರ ಏಪ್ರಿಲ್‌ನಲ್ಲಿ ಹಳೆಯ ಚರ್ಮ ಎರಡು ಕಡೆ ಸೀಳಿತು. ಹಿಂದೆ ಎರಡು ಸಲ ತೇಪೆ ಹಾಕಿದ್ದ ಜಾಗ. ಈ ಸಲ ದಬ್ಬಣ ಚುಚ್ಚಿದರೆ ಅಂಚೇ ಪುಡಿಯಾಗುತ್ತಿತ್ತು. ಪೂರ್ತಿ ಬಿಚ್ಚಿ ಹಾಕಿದೆವು. ಅದೇ ಹೊತ್ತಿಗೆ ಬಸುರಿಯಾಗಿದ್ದ ನನ್ನ ಅಕ್ಕನಿಗೆ ಏಳನೆಯ ತಿಂಗಳು ಹಿಡಿದಿತ್ತು. ಅವಳನ್ನು ಆ ದಂಡೆಯ ಊರಿಗೆ ಕೊಟ್ಟಿತ್ತು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಏಳರಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ಕಳಿಸುತ್ತೇವೆಂದು ಅವರ ಮನೆಯವರೂ ಒಪ್ಪಿದ್ದರು. ಆದರೆ ದಾಟಿಸಲು ನಮ್ಮಲ್ಲಿ ಬರೀ ಬುಟ್ಟಿ ಇತ್ತು. ಬೇಸಿಗೆಯಲ್ಲೂ ನಮ್ಮ ಕಡವಿನ ಮಡು ಇಂಗುವುದಿಲ್ಲ, ನಡೆದು ದಾಟುವ ಜಾಗವಲ್ಲ.

ಅಪ್ಪ ಚರ್ಮ ಹದ ಮಾಡುವ ಮುದುಕನ ಹತ್ತಿರ ಹೋದ. ನಾನೂ ಜೊತೆಗಿದ್ದೆ.

"ತೊಗಲು ಎಲ್ಲಿಂದ ತರಲಿ ಅಣ್ಣಾ?" ಎಂದ ಮುದುಕ. "ಎಮ್ಮಿ ಸತ್ತ ಸುದ್ದಿ ನನಗ ಗೊತ್ತಾಗೂಕಿಂತ ಮೊದ್ಲ ಗುತ್ತೇದಾರಗ ಗೊತ್ತಾಗತೈತಿ. ಹಸೀದ ಗಾಡಿ ಏರತೈತಿ. ಸಿಪಾಯಿಗೋಳ ಬೂಟಿಗೆ ಬೇಕಂತ. ನನ್ನ ಕಾಲು ನೋಡು, ನಾನಽ ಬರಿಗಾಲಿಲೆ ಅದೀನಿ."

"ಮಗಳನ್ನ ಕರಕೊಂಬರಬೇಕೋ."

"ಲಡಾಯಿ ಮುಗೀಲಿ, ಎರಡು ತೊಗಲು ಪುಗಸಟ್ಟೆ ಕೊಡತೀನಿ."

"ಲಡಾಯಿ ಮುಗಿಯೂತನಕ ಅಕಿ ಹೊಟ್ಟಿ ತಡೀತೈತೇನು?" ಎಂದ ಅಪ್ಪ. ಇಬ್ಬರೂ ನಕ್ಕರು.

ಮೇಲಿನ ಕಡವಿನವರ ಹರಿಗೋಲೂ ಚರ್ಮವಿಲ್ಲದೆ ಬಿದ್ದಿತ್ತು. ಹುಡುಕಾಟದಲ್ಲಿ ಏಳನೆಯ ತಿಂಗಳು ಕಳೆದುಹೋಯಿತು. ಎಂಟರಲ್ಲಿ ಬಸುರಿಯನ್ನು ಹೊಳೆ ದಾಟಿಸುವುದಿಲ್ಲ. ಇನ್ನು ಒಂಬತ್ತು. ಒಂಬತ್ತೆಂದರೆ ಜೂನ್, ಮಿರಗದ, ಅಂದರೆ ಮೃಗಶಿರಾ ಮಳೆಯ, ಹೊತ್ತು, ಹೊಳೆಗೆ ಹೊಸ ನೀರು ಬರುವ ಕಾಲ. ಅಷ್ಟರೊಳಗೆ ಹರಿಗೋಲು ಆಗಲೇಬೇಕಿತ್ತು.

ಕೊನೆಗೆ ಅಪ್ಪ ಗಂಗಾವತಿಯ ಭತ್ತದ ಅಂಗಡಿಗಳಿಂದ ಗೋಣಿಚೀಲ ತಂದ, ಕೊಪ್ಪಳದಿಂದ ಡಾಂಬರು. ಇಪ್ಪತ್ತೆರಡು ಚೀಲ, ಮೂರು ಡಬ್ಬಿ. ಚೀಲಗಳನ್ನು ಬಿಚ್ಚಿ ಎರಡು ಪದರು ಮಾಡಿ ಹುರಿಯಿಂದ ಹೊಲಿದೆವು. ನನಗಾಗ ಹತ್ತೊಂಬತ್ತು. ನಾನು ಒಳಗಿನಿಂದ ದಬ್ಬಣ ಚುಚ್ಚುತ್ತಿದ್ದೆ, ಅಪ್ಪ ಹೊರಗಿನಿಂದ ಎಳೆದುಕೊಳ್ಳುತ್ತಿದ್ದ. ಆಮೇಲೆ ಡಾಂಬರು ಕಾಯಿಸಿ ಕಸಬರಿಗೆಯಿಂದ ಮೂರು ಸಲ ಬಳಿದೆವು. ಮೇ 14ರಂದು ನೀರಿಗಿಳಿಸಿದಾಗ ಒಳಗೆ ಒಂದು ಹನಿ ನೀರು ಬರಲಿಲ್ಲ. ಅಪ್ಪ ಒಳಗೆ ಅಂಗಾತ ಮಲಗಿ, "ಇದ ಛಲೋ ಆತಲೋ, ತೊಗಲಿನಕಿಂತ ಹಗೂರೈತಿ," ಎಂದ. ಅವನಿಗೆ ಅಷ್ಟು ಸಂತೋಷವಾದದ್ದನ್ನು ಮುಂದೆ ನಾನು ಕಂಡಿಲ್ಲ.

ಅಂದಿನಿಂದ ಪ್ರತಿದಿನ, ಬೆಳಗಿನ ಸುತ್ತುಗಳು ಮುಗಿದ ಮೇಲೆ, ಇಬ್ಬರೂ ಸೇರಿ ಹರಿಗೋಲನ್ನು ದಂಡೆಗೆಳೆದು ಮಗುಚುತ್ತಿದ್ದೆವು. ತಳ ಮೇಲಾಗಿ ಮೇ ತಿಂಗಳ ಬಿಸಿಲಿಗೆ. ಯಾರೂ ಹೇಳಿ ಮಾಡಿದ್ದಲ್ಲ. ಚರ್ಮ ಹೋಗಿ ಗೋಣಿ ಬಂದಿದೆ, ಇನ್ನು ಈ ಕೆಲಸ ಬೇಕೋ ಬೇಡವೋ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಎರಡೂ ದಂಡೆಗೆ ಓಡಾಡುವ ಬಳೆಗಾರ್ತಿ ಮುದುಕಿ ಒಬ್ಬಳಿದ್ದಳು. ಅಕ್ಕನ ಸುದ್ದಿ ತರುವವಳೂ ಅವಳೇ. ಜೂನ್ ಮೊದಲ ವಾರದಲ್ಲಿ ಬುಟ್ಟಿ ಇಳಿಸಿ ಹರಿಗೋಲನ್ನು ಒಂದು ಸುತ್ತು ನೋಡಿದಳು.

"ಏನೋ ತಮ್ಮಾ, ಹರಿಗೋಲಿಗೆ ಜರಿ ಅಂಚು ಹಚ್ಚೀರಲ್ಲ, ಯಾರ ಮದಿವಿ ಐತಿ?"

ನಿಜವೇ. ಬಾಯಿಯ ಸುತ್ತ ಡಾಂಬರು ಬೆರಳು ದಪ್ಪ ಕಟ್ಟಿಕೊಂಡು ಥಳಥಳ ಹೊಳೆಯುತ್ತಿತ್ತು.

"ಮದಿವಿ ಅಲ್ಲವ್ವಾ, ಮಗಳು ಬಾಣಂತನಕ್ಕ ಬರತಾಳ," ಎಂದ ಅಪ್ಪ. "ಅಕಿಗೆ ಅಂಚಿಲ್ಲದ ಹರಿಗೋಲು ಹೆಂಗ ಕಳಸಲಿ?"

ಆ ದಿನಗಳಲ್ಲಿ ತಳದಲ್ಲಿ ಸ್ವಲ್ಪ ಜಿನುಗು ಶುರುವಾಗಿತ್ತು. ನಾನು ತೋರಿಸಿದೆ. ಅಪ್ಪ ಕೈ ಆಡಿಸಿ ನೋಡಿ, "ನೀರು ಕುಡೀಲಿ, ಬಿಗಿತೈತಿ," ಎಂದ. ಚರ್ಮವಾಗಿದ್ದರೆ ಆ ಮಾತು ಸರಿ.

ಜೂನ್ 21, ಸೋಮವಾರ, ಕುಬಸ ಮುಗಿಸಿ ಅಕ್ಕನನ್ನು ಕಳಿಸುವುದೆಂದಾಯಿತು. ಹೊಳೆಯ ನೀರು ಅದಾಗಲೇ ಕೆಂಪಾಗಿತ್ತು, ಸೆಳೆತ ಬಂದಿತ್ತು. ಬೆಳಿಗ್ಗೆ ನಾನು ಮತ್ತು ಅಪ್ಪ ಖಾಲಿ ಹರಿಗೋಲಿನಲ್ಲಿ ಹೋದೆವು. ಅಕ್ಕ ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಕೊಬ್ಬರಿ ಅಕ್ಕಿ ಇಟ್ಟುಕೊಂಡು ನಡುವೆ ಕುಳಿತಳು. ಪಕ್ಕದಲ್ಲಿ ಬಳೆಗಾರ್ತಿ.

ಮೂರರಲ್ಲಿ ಒಂದು ಪಾಲು ದೂರ ಬಂದಿರಬಹುದು. ಅಕ್ಕ, "ಅಪ್ಪಾ, ಕಾಲು ತೊಯ್ಯಾಕತ್ತಾವ," ಎಂದಳು.

"ಹೊಳಿ ದಾಟೂವಾಗ ಕಾಲು ತೊಯ್ಯದ ಏನು ನೆತ್ತಿ ತೊಯ್ತೈತೇನು? ಸುಮ್ಮ ಕುಂದ್ರು."

"ಸೀರಿ ಅಂಚು ತೇಲಾಕತ್ತೈತಪ್ಪಾ."

ಅಪ್ಪ ತಿರುಗಿ ನೋಡಿದ. ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ, ಆದರೆ ಹರಿಗೋಲನ್ನು ಬಂದ ದಿಕ್ಕಿಗೇ ತಿರುಗಿಸಿದ. ಆ ದಂಡೆ ಹತ್ತಿರವಿತ್ತು. ನಾನು ತಂಬಿಗೆಯಿಂದ ನೀರು ಎತ್ತಿ ಹಾಕತೊಡಗಿದೆ. ಬಳೆಗಾರ್ತಿ ಬುಟ್ಟಿಯ ಬಳೆಗಳನ್ನು ಸುರಿದು ಬರೀ ಬುಟ್ಟಿಯಿಂದ ಎತ್ತಿದಳು, ಅದರಲ್ಲಿ ನೀರು ನಿಲ್ಲುವುದಿಲ್ಲವೆಂಬುದೂ ಅವಳಿಗೆ ತಿಳಿಯಲಿಲ್ಲ. ದಂಡೆ ಸೇರಿದಾಗ ನೀರು ಮೊಣಕಾಲಿಗೆ ಬಂದಿತ್ತು. ಅಕ್ಕ ಇಳಿದು, ಸೀರೆ ಹಿಂಡಿಕೊಳ್ಳುತ್ತ ನಕ್ಕಳು.

"ಜರಿ ಅಂಚು ಇದಕ್ಕೇನು ಹಚ್ಚಿದ್ದು?"

"ಎರಡು ದಿನ ತಡಿಯವ್ವಾ," ಎಂದ ಅಪ್ಪ. "ಬಳಕೊಂಡು ಬರತೀನಿ."

ಡಾಂಬರು, ಚೀಲ ಎಲ್ಲ ಈ ದಂಡೆಯಲ್ಲಿದ್ದವು. ಆದ್ದರಿಂದ ನಾವಿಬ್ಬರೇ ಹಗುರ ಹರಿಗೋಲನ್ನು ಹೊಡೆದುಕೊಂಡು ಹೊರಟೆವು. ನಮ್ಮ ದಂಡೆ ಇನ್ನು ಐವತ್ತು ಮಾರು ಇದ್ದಾಗ ತಳದ ಗೋಣಿ ಹರಿಯಿತು. ಇಬ್ಬರೂ ಈಜಿದೆವು. ಬುಟ್ಟಿ ಕೆಳಗಿನ ಬಂಡೆಗೆ ಸಿಕ್ಕಿಕೊಂಡು ಉಳಿಯಿತು.

ಅದನ್ನು ಎಳೆದು ಮಗುಚಿದಾಗ ತಿಳಿಯಿತು. ತಳದಲ್ಲಿ ಡಾಂಬರು ಇರಲಿಲ್ಲ. ಬಣ್ಣ ಮಾತ್ರ ಕಪ್ಪು, ಕೈಯಿಟ್ಟರೆ ಬರೀ ಗೋಣಿಯ ಎಳೆ. ಐದು ವಾರ ಬಿಸಿಲಿಗೆ ಇಟ್ಟಾಗ ತಳದ ಡಾಂಬರು ಕರಗಿ ನಿಧಾನವಾಗಿ ಕೆಳಗಿಳಿದು ಬಾಯಿಯ ಸುತ್ತ ಕಟ್ಟಿಕೊಂಡಿತ್ತು. ಅಪ್ಪ ಆ ಅಂಚನ್ನು ಬೆರಳಿನಿಂದ ಒತ್ತಿ ನೋಡಿದ.

ಆ ರಾತ್ರಿ ಹೊಳೆ ತುಂಬಿತು. ಮೇಲೆ ಮಲೆನಾಡಿನ ಮಳೆ, ಇಲ್ಲಿಯೂ ಜಿಟಿಜಿಟಿ ಬಿಡಲಿಲ್ಲ. ಹರಿದ ಭಾಗಕ್ಕೆ ಬೇರೆ ಚೀಲ ಹೊಲಿದೆವು. ಡಬ್ಬಿಯಲ್ಲಿ ಉಳಿದಿದ್ದ ಡಾಂಬರು ಸಾಲಲಿಲ್ಲ. ಅಪ್ಪ ಕುಡುಗೋಲಿನಿಂದ ಬಾಯಿಯ ಅಂಚನ್ನು ಕೆರೆದು, ಅದನ್ನೇ ಮತ್ತೆ ಕಾಯಿಸಿ ತಳಕ್ಕೆ ಬಳಿದ. ಒದ್ದೆ ಗೋಣಿಗೆ ಅದು ಹಿಡಿಯಲಿಲ್ಲ, ಹಾಳೆಯಂತೆ ಎದ್ದು ಬಂತು. ಬಿಸಿಲು ಬೇಕಿತ್ತು. ಹರಿಗೋಲನ್ನು ದನದ ಕೊಟ್ಟಿಗೆಯೊಳಗೆ ತಂದು ಕೆಳಗೆ ಸಗಣಿಯ ಕುಳ್ಳಿನ ಬೆಂಕಿ ಹಾಕಿ ಒಣಗಿಸತೊಡಗಿದೆವು. ಮೊಳ ಒಣಗಿಸುವುದು, ಮೊಳ ಬಳಿಯುವುದು.

ಶನಿವಾರ ಬೆಳಿಗ್ಗೆ ಆ ದಂಡೆಯಲ್ಲಿ ಬಟ್ಟೆ ಎದ್ದಿತು. ಅಕ್ಕನ ಗಂಡ. ದಿನಕ್ಕೆ ಮುಂಚೆಯೇ ಅವಳಿಗೆ ನೋವು ಬಂದಿದೆ ಎಂದು ಅವ್ವ ತಕ್ಷಣ ಹೇಳಿದಳು. ಅಪ್ಪ ನೀರಿನೊಳಗೆ ಸೊಂಟದವರೆಗೆ ಹೋಗಿ ನಿಂತು, ಎರಡೂ ಕೈ ಅಗಲಿಸಿ ಹರಿಗೋಲು ಇಲ್ಲವೆಂದು ತೋರಿಸಿದ. ಆ ಕಡೆಯವನು ಬಟ್ಟೆ ಇಳಿಸಲಿಲ್ಲ. ಒಂದು ತಾಸು ಹಾಗೆಯೇ ಹಿಡಿದಿದ್ದ.

"ಇವ ಯಾಕ ಹಿಡಕೊಂಡು ನಿಂತಾನ? ಕಾಣವಲ್ದೇನು ಅವಗ?" ಎಂದ ಅಪ್ಪ.

"ಕಾಣತೈತಿ," ಎಂದಳು ಅವ್ವ. "ಮತ್ತೇನು ಮಾಡಬೇಕವ?"

ಅಪ್ಪ ಅಂದೇ ಹೊರಟ. ಸುತ್ತು ಹಾಕಿ ಹೋಗುವ ದಾರಿ ಒಂದೇ: ಕೆಸರಿನಲ್ಲಿ ಗಾಡಿಯಿಂದ ರೈಲಿನವರೆಗೆ, ರೈಲಿನಲ್ಲಿ ಹೊಳೆ ದಾಟಿ ಹೊಸಪೇಟೆಗೆ, ಅಲ್ಲಿಂದ ಮತ್ತೆ ಗಾಡಿಯಲ್ಲಿ ಕೆಳಕ್ಕೆ. ಹೋಗುವಾಗ ನನಗೆ, "ಬೆಂಕಿ ಆರಿಸಬ್ಯಾಡ," ಎಂದಷ್ಟೇ ಹೇಳಿದ.

ಭಾನುವಾರ ಇಬ್ಬರು ನಿಂತು ಎರಡು ಬಟ್ಟೆ ಎತ್ತಿದರು. ನಾನು ಬಳಿಯುತ್ತಿದ್ದೆ. ಸೋಮವಾರ ಬೆಳಿಗ್ಗೆ ಯಾವ ಬಟ್ಟೆಯೂ ಏಳಲಿಲ್ಲ. ಹೆರಿಗೆ ಸುಸೂತ್ರ ಆಗಿರಬೇಕೆಂದು ನಾನು ಅಂದುಕೊಂಡೆ, ಅವ್ವನಿಗೂ ಹಾಗೆಯೇ ಹೇಳಿದೆ.

ಮಧ್ಯಾಹ್ನ ಮೂರರ ಸುಮಾರಿಗೆ ನಾಲ್ಕು ಜನ ಒಂದು ಚಟ್ಟ ಹೊತ್ತುಕೊಂಡು ಆ ದಂಡೆಗೆ ಬಂದರು. ಮಣ್ಣು ಮಾಡುವ ಜಾಗ ಆ ಕಡೆಗಲ್ಲ, ಊರಿನ ಹಿಂದೆ. ನಮಗೆ ತೋರಿಸುವುದಕ್ಕೆಂದೇ ತಂದಿದ್ದರು. ಚಟ್ಟವನ್ನು ನಮ್ಮ ಕಡೆಗೆ ತಿರುಗಿಸಿ, ತಲೆಯ ಭಾಗವನ್ನು ಸ್ವಲ್ಪ ಎತ್ತಿ ಹಿಡಿದರು. ಅಷ್ಟು ದೂರದಿಂದ ಮುಖ ಕಾಣುವುದಿಲ್ಲ. ಹಸಿರು ಕಂಡಿತು.

ಸತ್ತ ಹೆಣ್ಣುಮಗಳಿಗೆ ತವರಿನ ಸೀರೆ ಹೊದಿಸಿಯೇ ಮಣ್ಣು ಮಾಡಬೇಕು. ಅವ್ವ ಒಳಗೆ ಹೋಗಿ ಟ್ರಂಕಿನಿಂದ ಸೀರೆ ತಂದಳು, ಬಾಣಂತನಕ್ಕೆಂದು ತೆಗೆದಿಟ್ಟಿದ್ದು. ನೀರಿನ ಅಂಚಿಗೆ ಬಂದು ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದಳು. ಸೀರೆ ತಂದಿದ್ದೇನೆಂದು ಅವರಿಗೆ ತೋರಿಸಬೇಕಿತ್ತೋ, ಹರಿಗೋಲು ಕರೆದಳೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಅವರು ಸ್ವಲ್ಪ ಹೊತ್ತು ನಿಂತು, ಚಟ್ಟ ತಿರುಗಿಸಿಕೊಂಡು ಹೋದರು. ಅವರು ಕಾಣದಾದ ಮೇಲೂ ಅವಳು ಕೈ ಇಳಿಸಲಿಲ್ಲ. ನಾನೇ ಹೋಗಿ ಇಳಿಸಿದೆ.

ಹರಿಗೋಲು ಮಂಗಳವಾರ ಮುಗಿಯಿತು. ಅಪ್ಪ ಆ ಊರು ಮುಟ್ಟಿದ್ದೂ ಮಂಗಳವಾರ ಸಂಜೆ. ನಡೆದದ್ದನ್ನು ಬಳೆಗಾರ್ತಿ ಅವನಿಗೆ ಹೇಳಿದಳು. ಮಗು ಅಡ್ಡ ನಿಂತಿತ್ತು. ಎರಡು ಹಗಲು ಎರಡು ರಾತ್ರಿ ನೋವು ತಿಂದು ಅಕ್ಕ ಹೋದಳು. ನಮ್ಮ ಊರಿನ ಸೂಲಗಿತ್ತಿ ಅಂಥ ಮಗುವನ್ನು ಹೊಟ್ಟೆಯ ಮೇಲಿನಿಂದಲೇ ತಿರುಗಿಸುವವಳು, ಅವಳ ಹೆಸರನ್ನೇ ಹಿಡಿದು ಅಕ್ಕ ಕೂಗುತ್ತಿದ್ದಳಂತೆ. ಕೊನೆಗೆ ಕಾಲು ಹಿಡಿದು ಎಳೆದ ಮಗು ಮಾತ್ರ ಉಳಿಯಿತು, ಹೆಣ್ಣು.

ನೀರು ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ, ಅದನ್ನು ಇದೇ ಹರಿಗೋಲಿನಲ್ಲಿ ತಂದೆವು. ಅವ್ವ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು, ಒಂದು ಅಂಗೈ ತಳದ ಮೇಲೆ ಒತ್ತಿ ಹಿಡಿದು. ದಂಡೆ ಬರುವವರೆಗೆ ಆ ಕೈ ತೆಗೆಯಲಿಲ್ಲ.

ಲಡಾಯಿ ಮುಗಿದರೂ ಚರ್ಮ ಸಿಗುತ್ತಿಲ್ಲ, ಸಿಕ್ಕರೂ ನಮ್ಮ ಕೈಗೆ ನಿಲುಕುವುದಿಲ್ಲ. ಗೋಣಿ, ಡಾಂಬರೇ ಗತಿ. ಈಗ ನಾವು ಮಗುಚುವುದಿಲ್ಲ, ಬೇವಿನ ನೆರಳಿನಲ್ಲಿ ಓರೆಯಾಗಿ ನಿಲ್ಲಿಸುತ್ತೇವೆ. ಆದರೂ ಅಪ್ಪನ ಕೈ ಪ್ರತಿದಿನ ಅಂಚಿನ ಕೆಳಗೆ ಹೋಗುತ್ತದೆ, ಎತ್ತಿ ಮಗುಚಲು. ಅಲ್ಲಿಯೇ ತಡೆಯುತ್ತದೆ. ಆಮೇಲೆ ಅವನು ಏನೂ ಆಗದವನಂತೆ ಹೋಗಿ ಹುಟ್ಟು ತೊಳೆಯುತ್ತಾನೆ. ನೆರಳಿನಲ್ಲಿಟ್ಟರೂ ಬೇಸಿಗೆಗೆ ತಳ ತೆಳುವಾಗುತ್ತದೆ. ಮೂರು ಸಲ ರಾಳ ಬೆರೆಸಿ ನೋಡಿದೆ, ಒಂದು ಸಲ ಸುಣ್ಣ. ರಾಳ ಬೆರೆತದ್ದು ಚಳಿಗೆ ಬಿರಿಯಿತು, ಸುಣ್ಣ ಬೆರೆತದ್ದು ಉದುರಿತು. ಅಕ್ಕನ ಮಗಳಿಗೆ ನಾಲ್ಕನೆಯ ವರ್ಷ ನಡೆಯುತ್ತಿದೆ. ತಿಂಗಳಿಗೊಮ್ಮೆ ತಂದೆಯ ಊರಿಗೆ ಹೋಗಿಬರುತ್ತದೆ, ಹರಿಗೋಲಿನ ನಡುವೆಯೇ ಕುಳಿತುಕೊಳ್ಳುತ್ತದೆ.

ಕೃಷ್ಣೆ, ಭೀಮೆಯ ಕಡವಿನವರೂ ಆ ವರ್ಷಗಳಲ್ಲಿ ಗೋಣಿಯನ್ನೇ ಹೊದಿಸಿದರೆಂದು ಕೇಳಿದ್ದೇನೆ. ನಮ್ಮ ಕಡೆಯ ಬಿಸಿಲಿಗೂ ಕರಗಿ ಇಳಿಯದಂತೆ, ಚಳಿಗೆ ಬಿರಿಯದಂತೆ ಡಾಂಬರಿಗೆ ಏನು ಬೆರೆಸಬೇಕು, ಎಷ್ಟು ಪಾಲು, ಎಷ್ಟು ಹೊತ್ತು ಕಾಯಿಸಬೇಕು ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿರಿ. ಮಿರಗಕ್ಕೆ ಮೊದಲು ತಿಳಿದರೆ ಒಳ್ಳೆಯದು.