ಅವ್ವ ಸಾಕಿದ ಜಡ್ಡು

ಕೆಂಭಾವಿಯ ಶಾಲೆಯಲ್ಲಿ ಪಾಠ ಹೇಳುವ ಸುಮಂಗಲಾ ಚಿಕ್ಕವಳಿದ್ದಾಗ ಸದಾ ಜಡ್ಡಿನ ಹುಡುಗಿ. ವಾಂತಿ, ಹೊಟ್ಟೆನೋವು, ಕಣ್ಣುಕತ್ತಲೆ. ಅವಳ ಅವ್ವ ಮೋನಮ್ಮ ಮಗಳನ್ನು ಬಗಲಲ್ಲಿ ಹೊತ್ತು ಸುರಪುರದ ದವಾಖಾನೆಗೆ, ಕೊಡೇಕಲ್ಲಿನ ಗುಡಿಗೆ ಅಲೆಯುವುದನ್ನು ಕಂಡು ಓಣಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. "ತಾಯಿ ಅಂದ್ರ ಹಿಂಗಿರಬೇಕ ನೋಡ್ರಿ" ಎನ್ನುತ್ತಿದ್ದರು. ಹೈಸ್ಕೂಲಿಗೆಂದು ಶಹಾಪುರದ ಹಾಸ್ಟೆಲ್ ಸೇರಿದ ಮೇಲೆ ಜಡ್ಡು ತಾನಾಗಿಯೇ ಹೋಯಿತು. ಅಲ್ಲಿಯ ನೀರು ಒಗ್ಗಿತೆಂದುಕೊಂಡಳು ಸುಮಂಗಲಾ.

ಮದುವೆಯಾಗಿ ಮಗ ದೇವು ಹುಟ್ಟಿದ. ಹೆರಿಗೆ ರಜೆ ಮುಗಿದಾಗ ಕೂಸನ್ನು ನೋಡಿಕೊಳ್ಳಲು ಮೋನಮ್ಮ ಬಂದಳು. ಸ್ವಲ್ಪ ದಿನಕ್ಕೇ ಕೂಸು ವಾಂತಿ ಮಾಡತೊಡಗಿತು. ದವಾಖಾನೆಗೆ ಸೇರಿಸಿದರೆ ಇಳಿಯುತ್ತಿತ್ತು, ಮನೆಗೆ ತಂದರೆ ಮತ್ತೆ ಶುರು. ವಾರ್ಡಿನಲ್ಲಿ ಮೋನಮ್ಮ ಮಂಚದ ಅಂಚಿಗೆ ಕೂತು, ಬಂದವರಿಗೆಲ್ಲ ಕೂಸಿನ ನರಳಾಟ ಬಣ್ಣಿಸುವಳು. ಹೇಳುತ್ತ ಹೇಳುತ್ತ ಅವಳ ಮುಖ ಅರಳುತ್ತಿತ್ತು. ಸುಮಂಗಲಾ ಅದನ್ನು ಗುರುತಿಸಿದಳು. ಚಿಕ್ಕಂದಿನಲ್ಲಿ ತಾನು ಮಲಗಿದ್ದ ಮಂಚದ ಪಕ್ಕ ಕಂಡಿದ್ದ ಮುಖವೇ ಅದು.

ಕೂಸನ್ನು ಮನೆಗೆ ತಂದ ಮರುದಿನ ಅವಳು ಮಧ್ಯಾಹ್ನವೇ ಶಾಲೆಯಿಂದ ಬಂದುಬಿಟ್ಟಳು. ಅವ್ವ ಹಾಲು ಕುಡಿಸುವ ಒಳಲೆಯಲ್ಲಿ ಕೂಸಿನ ಬಾಯಿಗೆ ಏನೋ ಹಾಕುತ್ತಿದ್ದಳು. ಸುಮಂಗಲಾ ಕಸಿದುಕೊಂಡು ನಾಲಿಗೆಗೆ ಹಚ್ಚಿದಳು. ಕಹಿ. ಚಿಕ್ಕಂದಿನಲ್ಲಿ ತಾನು ಕುಡಿದು ಕುಡಿದು ವಾಂತಿ ಮಾಡಿದ್ದ ಅದೇ ಕಹಿ.

"ಯವ್ವಾ, ಏನಿದು?"

"ಬಾಲಗ್ರಹಕ್ಕ ಔಷಧ. ನಿನಗೂ ಇದನ್ನ ಹಾಕಿ ಉಳಿಸ್ಕೊಂಡೀನಿ."

"ಉಳಿಸಿಲ್ಲ, ಜಡ್ಡಿಗೆ ಕೆಡವಿದಿ. ಮಂದಿ ಹೊಗಳ್ಲಿ ಅಂತ ಕೆಡವಿದಿ."

ಮೋನಮ್ಮ ಅಳಲಿಲ್ಲ. "ನಿನಗ ಜಡ್ಡು ಇಲ್ಲದಿದ್ರ ನನ್ನ ಮನಿಗೆ ಯಾರ್ ಬರ್ತಿದ್ರು?" ಎಂದಳು ಮೆಲ್ಲಗೆ.

ಸುಮಂಗಲಾ ಒಳಲೆ ಸಮೇತ ಕೂಸನ್ನೆತ್ತಿಕೊಂಡು ಡಾಕ್ಟರ ಬಳಿ ಓಡಿದಳು. ಏನೂ ಮುಚ್ಚಿಡದೆ ಹೇಳಿದಳು. ಗಂಡ ಬಾಲರಾಜ ಅತ್ತೆಯನ್ನು ಅವಳ ತಮ್ಮನ ಊರಿಗೆ ಬಿಟ್ಟು, ಅಲ್ಲಿಯ ಮಕ್ಕಳ ಹತ್ತಿರ ಅವಳೊಬ್ಬಳನ್ನೇ ಬಿಡಬೇಡಿರೆಂದು ಹೇಳಿಬಂದ. ಓಣಿಯವರು ನಂಬಲಿಲ್ಲ. ಹಡೆದವ್ವನ ಮೇಲೆ ಎಂಥ ಮಾತು ಹೊರಿಸ್ಯಾಳ ಎಂದು ಆಡಿಕೊಂಡರು. ದೇವು ಮಾತ್ರ ಚೇತರಿಸಿಕೊಂಡು ಅಂಬೆಗಾಲಿಡತೊಡಗಿದ.

ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಮಾತು ಬಿಟ್ಟಿದ್ದ ನೆರೆಮನೆಯ ಸುಂದ್ರಮ್ಮ ತಾನಾಗಿ ಬಂದು, ಸುಮಂಗಲಾಳ ತಲೆ ನೇವರಿಸಿ, "ಎಷ್ಟು ಒದ್ದಾಡ್ತೀಯವ್ವಾ ಒಬ್ಬಾಕಿ" ಎಂದಳು. ಆ ಕೈ ಬಹಳ ಹಿತವೆನಿಸಿತು. ಇನ್ನಷ್ಟು ಹೊತ್ತು ಅಲ್ಲೇ ಇರಲಿ ಎನಿಸಿತು. ಹಾಗೆನಿಸಿದ್ದೇ ಅವ್ವನ ಮಾತು ನೆನಪಾಗಿ ಸುಮಂಗಲಾ ಬೆಚ್ಚಿಬಿದ್ದಳು.

"ಸಣ್ಣ ಜ್ವರಾರಿ, ನಾಳಿಗೆ ಹೋಗ್ತದ" ಎಂದು ಮಾತು ಮುಗಿಸಿ, ಒಳಗಿದ್ದ ಬಾಲರಾಜನನ್ನು ಕೂಗಿದಳು.

"ಔಷಧ ನೀವ ಹಾಕ್ರಿ. ನಾ ಹಾಕೂದಿಲ್ಲ."