ಮುಂದಿನ ಮಾಡೆಲ್

ಮಂಗಳೂರಿನ ಪಂಪ್‌ವೆಲ್‌ನ ತನ್ನ ಮೊಬೈಲ್ ಅಂಗಡಿಯ ಶಟರನ್ನು ಆಶಿಕ್ ಅರ್ಧಕ್ಕೆ ಎತ್ತಿ ನಿಲ್ಲಿಸುತ್ತಾನೆ. ತಾನು ಮೆಚ್ಚಿದ ಲ್ಯಾಪ್‌ಟಾಪ್ ಕಂಪನಿಯ ಹೊಸ ಮಾಡೆಲ್ ಯಾವಾಗ ಎಂಬ ಸುದ್ದಿಯನ್ನು ಫೋನಿನಲ್ಲಿ ಹುಡುಕಿದ ಮೇಲೆಯೇ ಉಳಿದರ್ಧ ಏರುವುದು. ಕೂತರೆ ಅವನ ಕಾಲು ಕುಣಿಯುತ್ತದೆ, ನಿಂತರೆ ಬೆರಳು. ಹಳೆಯ ಮಾಡೆಲ್‌ನ ಬೆಲೆ ಇಳಿದರೆ ಅದು ಹೊಸತು ಬರುವ ಸೂಚನೆ, ಇಳಿಯದಿದ್ದರೆ ಇನ್ನೂ ದೊಡ್ಡ ಸೂಚನೆ. ಚಾರ್ಜರ್ ಕೇಳಿ ಬಂದವರಿಗೂ "ಲ್ಯಾಪ್‌ಟಾಪ್ ಈಗ ತೆಗೊಳ್ಬೇಡಿ, ಹೊಸತು ಬರ್ಲಿಕ್ಕುಂಟು" ಎಂದು ಹೇಳಿಯೇ ಕಳಿಸುತ್ತಾನೆ. "ನಿನ್ನ ಮಾತು ಕೇಳಿ ಕಾದು ಕಾದು ನನ್ನ ಡಿಗ್ರಿಯೇ ಮುಗೀತು ಮಾರಾಯ" ಎಂದು ಪಕ್ಕದ ಜ್ಯೂಸ್ ಅಂಗಡಿಯ ಲತೀಶ್ ಛೇಡಿಸುತ್ತಾನೆ. ಆಶಿಕ್‌ನ ಸ್ವಂತ ಲ್ಯಾಪ್‌ಟಾಪಿನ ಮುಚ್ಚಳ ರಬ್ಬರ್ ಬ್ಯಾಂಡಿನ ಬಲದಲ್ಲಿದೆ. ಹೊಸದನ್ನು ಕೊಡಿಸುತ್ತೇನೆಂದು ಮಾತು ಕೊಟ್ಟ ತಂದೆ ಹಸೈನಾರ್, ಶಾರ್ಜಾದಿಂದ ಪ್ರತಿ ಶುಕ್ರವಾರ ಫೋನ್ ಮಾಡುತ್ತಾರೆ. "ಬಂತಾ?" "ಇಲ್ಲ ಉಪ್ಪ, ಮುಂದಿನ ತಿಂಗಳಂತೆ." ಅಲ್ಲಿಂದ ಬ್ಯಾಟರಿ, ಪರದೆ, ಬಣ್ಣ ಎಂದು ಮಾತು ಬೆಳೆಯುತ್ತದೆ. ಬೇರೆ ಯಾವ ವಿಷಯ ತೆಗೆದರೂ ಅಪ್ಪ ಮಗನ ಮಾತು ಎರಡು ವಾಕ್ಯಕ್ಕೆ ಮುಗಿಯುತ್ತದೆ. ಕಳೆದ ಮಂಗಳವಾರ ಹೊಸ ಮಾಡೆಲ್ ಬಂದೇ ಬಿಟ್ಟಿತು. ಆ ಶುಕ್ರವಾರ, ಇನ್ನು ಮಾತಾಡಲು ಏನು ಉಳಿಯಿತು ಎಂದು ಹೆದರುತ್ತಲೇ ಆಶಿಕ್ ಫೋನ್ ಎತ್ತಿದ. "ಇಲ್ಲಿ ಅಂಗಡಿಯಲ್ಲಿ ನೋಡಿದೆ," ಎಂದರು ಹಸೈನಾರ್, "ಇದು ಅಷ್ಟು ಒಳ್ಳೆದಿಲ್ಲ. ಇನ್ನೊಂದಕ್ಕೆ ಕಾಯುವ, ಆಗದಾ?" ಮುಂದಿನದು ಮಾರ್ಚ್‌ನಲ್ಲಿ ಬರುತ್ತದೆಂದು ಸುದ್ದಿಯಿದೆ.