ಹಿಂದಿನ ಗಾಲಿಯ ಇಪ್ಪತ್ತು ಕಟ್ಟು

ಸೈಕಲ್ ಗಾಲಿಯ ಕಡ್ಡಿಗಳನ್ನು ಒಂದಕ್ಕೊಂದು ತಂತಿಯಿಂದ ಕಟ್ಟಿ ಬೆಸುಗೆ ಹಾಕಿಸಿದರೆ ಲಾಭವುಂಟೇ ಎಂದು ಈಗ ಯಾರೂ ಕೇಳುವುದಿಲ್ಲ. ಆಗ ನಿಲಂಗಾದ ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಈ ವಿಷಯಕ್ಕೆ ನಾನು ಜಗಳವಾಡಿದಷ್ಟು ನಮ್ಮ ಕಕ್ಷಿದಾರರು ಹೊಲದ ಬದುವಿಗೂ ಆಡಿರಲಿಕ್ಕಿಲ್ಲ. ಲಾಭವುಂಟು ಎಂಬುದು ನನ್ನ ವಾದ. ಅದು ಸುಳ್ಳೆಂದು ಗೊತ್ತಾದ ಮೇಲೂ ವರ್ಷಗಟ್ಟಲೆ ಅದನ್ನೇ ಸಾಧಿಸಿದೆ. ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ನಾನು ಬೆಲೀಫನಾಗಿದ್ದೆ. ಎಂದರೆ ಕೋರ್ಟಿನ ಸಮನ್ಸುಗಳನ್ನು ಹಳ್ಳಿ ಹಳ್ಳಿಗೆ ಒಯ್ದು, ಅದರಲ್ಲಿ ಹೆಸರಿದ್ದವರ ಕೈಗೆ ಮುಟ್ಟಿಸುವ ಕೆಲಸ. ನಿಜಾಮರ ಆಳ್ವಿಕೆಯನ್ನು ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷವಾಗಿತ್ತು. ಉರ್ದುವಿನಲ್ಲಿ ಕಲಿತು ನೌಕರಿ ಹಿಡಿದವನು ನಾನು. ನೋಡನೋಡುತ್ತ ಕಚೇರಿಯ ಕಾಗದಗಳು ಒಂದೊಂದಾಗಿ ಮರಾಠಿಯಾದವು, ಶುಕ್ರವಾರದ ರಜೆ ರವಿವಾರಕ್ಕೆ ಬಂತು. ಬದಲಾಗದೆ ಉಳಿದದ್ದೆಂದರೆ ಬೆಲೀಫನ ಸೈಕಲ್ಲನ್ನು ಕಂಡಾಗ ಜನ ಮಾಡುವ ಮುಖ. ದೂರದಿಂದ ನನ್ನ ಗಂಟೆ ಕೇಳಿದರೆ ಸಾಕು, ಗಂಡಸರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೊರಟುಬಿಡುವರು. ಮನೆಯಲ್ಲಿ ಯಾರೂ ಇಲ್ಲವೆಂದು ಹೆಂಗಸರು ಕದದ ಮರೆಯಿಂದ ಹೇಳುವರು. ಕುಡಿಯಲು ನೀರು ಕೇಳಿದರೆ ಅದೂ ಇರುತ್ತಿರಲಿಲ್ಲ.

ಹಾಗೆ ತಪ್ಪಿಸಿಕೊಂಡವರ ಬಾಗಿಲಿಗೆ ಸಮನ್ಸು ಅಂಟಿಸಿ ಬರುವುದು ರೂಢಿ. ಒಮ್ಮೆ ನನ್ನ ಹುಟ್ಟೂರು ಕಾಸಾರಶಿರಸಿಯಲ್ಲಿ ಅಣ್ಣನ ಮಾವನ ಬಾಗಿಲಿಗೇ ಅಂಟಿಸಿದೆ. ಆ ದಿನ ಅವರ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ, ಬೀಗರೆಲ್ಲ ನೆರೆದಿದ್ದರು. ಮರುದಿನ ಅಂಟಿಸಿದ್ದರೆ ಕೋರ್ಟೇನೂ ಮುಳುಗುತ್ತಿರಲಿಲ್ಲ. ಆದರೆ ಆ ಹಿರಿಯರು ನನ್ನನ್ನು ಕಂಡು ಜೋಳದ ಚೀಲಗಳ ಹಿಂದೆ ಅಡಗಿಕೊಂಡದ್ದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತ್ತು. ಅಂದಿನಿಂದ ಅಣ್ಣನ ಮನೆಯಿಂದ ಕರೆ ಬರುವುದು ನಿಂತಿತು. ತಂದೆತಾಯಿ ಮೊದಲೇ ಇರಲಿಲ್ಲ. ಈ ಸುದ್ದಿ ಹಬ್ಬಿದ ಮೇಲೆ ಹೆಣ್ಣು ಕೊಡಲೂ ಯಾರೂ ಬರಲಿಲ್ಲ. ನಿಲಂಗಾದಲ್ಲಿ ಒಂದು ಕೋಣೆ ಹಿಡಿದು, ನನ್ನ ರೊಟ್ಟಿ ನಾನೇ ತಟ್ಟಿಕೊಂಡು ಇದ್ದೆ. ಶನಿವಾರ ಕೋರ್ಟಿನ ಬಾಗಿಲು ಹಾಕಿದರೆ ಸೋಮವಾರದ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡದ ವಾರಗಳಿದ್ದವು.

ಆ ರಸ್ತೆಗಳಲ್ಲಿ ಸೈಕಲ್ಲಿನ ಕಡ್ಡಿ ಉಳಿಯುವುದೇ ಕಷ್ಟ. ಮಳೆಗಾಲದ ಎರೆಮಣ್ಣಿನಲ್ಲಿ ಬಿದ್ದ ಗಾಡಿಜಾಡು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತಿತ್ತು. ಉಮರ್ಗಾ ಕಡೆಯಿಂದ ಬರುವಾಗ ಒಂದು ಮಧ್ಯಾಹ್ನ ಹಿಂದಿನ ಗಾಲಿಯ ಕಡ್ಡಿಯೊಂದು ಮುರಿದು, ಹೊರಚಾಚಿ ಚೈನಿಗೆ ಸಿಕ್ಕಿ, ಅಕ್ಕಪಕ್ಕದ ನಾಲ್ಕನ್ನೂ ಎಳೆದುಕೊಂಡು ಹೋಯಿತು. ಗಾಲಿ ಸೊಟ್ಟಗಾಗಿ ತಿರುಗದಾಯಿತು. ಹೊಲದಲ್ಲಿ ಗಾಡಿ ಕಟ್ಟುತ್ತಿದ್ದವನೊಬ್ಬನನ್ನು ಕರೆದೆ. ಅವನು ನನ್ನ ಗುರುತು ಹಿಡಿದು ಎತ್ತುಗಳನ್ನು ಆಚೆ ತಿರುಗಿಸಿದ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆ.

ಮರುವಾರ ಕಾಗದಪತ್ರ ಒಯ್ಯಲು ಉದಗೀರಕ್ಕೆ ಕಳಿಸಿದರು. ಆ ಗಾಲಿಯನ್ನೂ ಬಸ್ಸಿನಲ್ಲಿ ಹಾಕಿಕೊಂಡು ಹೋದೆ. ಕಿಲ್ಲೆಯ ಕಡೆ ಹೋಗುವ ದಾರಿಯಲ್ಲಿ ಒಬ್ಬ ಮುದುಕ ಮಿಸ್ತ್ರಿಯ ಅಂಗಡಿಯಿತ್ತು. ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ಫೌಜಿನ ಸೈಕಲ್ಲುಗಳನ್ನು ರಿಪೇರಿ ಮಾಡುತ್ತಿದ್ದವನು. ಫೌಜು ಹೋಯಿತು, ಕೆಲಸ ಹೋಯಿತು, ಹುಟ್ಟೂರಿಗೆ ಬಂದು ನೋಡಿದರೆ ಗಲಾಟೆಯಲ್ಲಿ ಊರು ಬಿಟ್ಟ ಅಣ್ಣತಮ್ಮಂದಿರ ಮನೆಗಳಿಗೆ ಬೀಗ. ಅವನು ಗಾಲಿಗೆ ಹೊಸ ಕಡ್ಡಿ ಹಾಕಿ, ಫೌಜಿನಲ್ಲಿ ಮಾಡುತ್ತಿದ್ದಂತೆ ಕಟ್ಟಿಕೊಡಲೇ ಎಂದು ಕೇಳಿದ. ಎರಡು ಕಡ್ಡಿಗಳು ಒಂದರ ಮೇಲೊಂದು ಹಾಯುವ ಕಡೆ ಸಣ್ಣ ತಂತಿ ಸುತ್ತಿ, ಬೆಸುಗೆ ಹಿಡಿಯಲೆಂದು ನವಸಾಗರ ಸವರಿ, ತವರ ಕರಗಿಸಿ ಬಿಡುವುದು. ನಲವತ್ತು ಕಡ್ಡಿಗೆ ಇಪ್ಪತ್ತು ಕಟ್ಟು. ಇದರಿಂದ ಕಡ್ಡಿ ಮುರಿಯುವುದಿಲ್ಲವೇ ಎಂದು ಕೇಳಿದೆ.

"ಮುರೀಲಿಕ್ಕೇನು, ಮುರೀತದ. ಆದರ ಮುರಿದದ್ದು ಹೊರಗ ಬೀಳಂಗಿಲ್ಲ. ಬಾಜೂದು ಹಿಡ್ಕೊಂಡು ಮನಿ ಮುಟ್ಟಸ್ತದ," ಎಂದ.

ಕಟ್ಟಿಸಿಕೊಂಡು ಬಂದೆ. ತೊಡಕು ಆಮೇಲೆ ಗೊತ್ತಾಯಿತು. ಗಾಲಿ ತುಸು ಬೆಂಡಾದರೂ ನಿಲಂಗಾದ ಸೈಕಲ್ ಅಂಗಡಿಯವನು ಮುಟ್ಟಲೊಲ್ಲ. ಒಂದು ಕಡ್ಡಿ ಬಿಗಿದರೆ ಕಟ್ಟಿದ ಜೋಡಿಯೂ ಎಳೆಯುತ್ತದೆ, ಬೇರೆಯವರ ಬೆಸುಗೆಗೆ ನಾನೇಕೆ ಕೈ ಸುಟ್ಟುಕೊಳ್ಳಲಿ, ಯಾರು ಹಾಕಿದರೋ ಅವರ ಕಡೆಗೇ ಒಯ್ಯಿರಿ ಎಂದುಬಿಟ್ಟ. ತುಕ್ಕು ಹಿಡಿದ ಸೈಕಲ್ಲಿಗೆ ಬೆಳ್ಳಿಚುಕ್ಕೆ ಇಟ್ಟಂತೆ ಕಾಣುವ ಆ ಕಟ್ಟುಗಳನ್ನು ನೋಡಿ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಕ್ಕ ಕೂಡ. ಹೀಗಾಗಿ ರವಿವಾರ ಬೆಳಿಗ್ಗೆ ಹಿಂದಿನ ಗಾಲಿಯನ್ನು ಬಿಚ್ಚಿ, ತೊಡೆಯ ಮೇಲೆ ಇಟ್ಟುಕೊಂಡು ಉದಗೀರದ ಬಸ್ಸಿನಲ್ಲಿ ಕೂಡುವುದು ನನಗೆ ಗಂಟುಬಿತ್ತು.

ಮಿಸ್ತ್ರಿಯ ಕಣ್ಣು ಮಂದವಾಗಿತ್ತು. ನಾನು ಗಾಲಿ ತಿರುವಬೇಕು. ಅವನು ಹೆಬ್ಬೆರಳ ಉಗುರನ್ನು ರಿಮ್ಮಿನ ಹತ್ತಿರ ಹಿಡಿದು, ಎಲ್ಲಿ ತಾಗಿ ಕರಕ್ ಎನ್ನುವುದೋ ಕೇಳುತ್ತಿದ್ದ. ಅಲ್ಲಿ ಕಾಲು ಸುತ್ತು ಬಿಗಿ, ಇಲ್ಲಿ ಅರ್ಧ ಸುತ್ತು ಸಡಿಲ. ಕಟ್ಟಿದ ಗಾಲಿಯಾದ್ದರಿಂದ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ನಡುವೆ ಇಬ್ಬರೂ ನಮ್ಮ ನಮ್ಮ ರೊಟ್ಟಿಯ ಗಂಟು ಬಿಚ್ಚುತ್ತಿದ್ದೆವು. ಮೊದಮೊದಲು ಅವನ ರೊಟ್ಟಿ ಅವನಿಗೆ, ನನ್ನದು ನನಗೆ. ಬರಬರುತ್ತ ನನ್ನ ಶೇಂಗಾ ಹಿಂಡಿ ಅವನ ಕಡೆ ಹೋಯಿತು, ಅವನ ಉಪ್ಪಿನಕಾಯಿ ಈ ಕಡೆ ಬಂತು. ಊರಲ್ಲಿ ಯಾರಿಗೂ ಬೇಡವಾಗಿದ್ದ ನನ್ನ ಉರ್ದು ಅಲ್ಲಿ ನಡೆಯುತ್ತಿತ್ತು, ಅವನ ಕನ್ನಡವೂ ನಡೆಯುತ್ತಿತ್ತು. ವಾರವೆಲ್ಲ ನನ್ನನ್ನು ಕಂಡು ಬಾಗಿಲು ಹಾಕುತ್ತಿದ್ದ ಜನರ ನಡುವೆ, ಬಾ ಎಂದು ಮಣೆ ಸರಿಸುತ್ತಿದ್ದವನು ಅವನೊಬ್ಬನೇ. ಆ ರವಿವಾರಗಳು ತಪ್ಪಿದರೆ ನಾನು ಹೇಗೆ ಇದ್ದೇನು ಎಂಬ ಹೆದರಿಕೆ ಆಗಲೇ ಶುರುವಾಗಿತ್ತು.

ಅಷ್ಟರಲ್ಲಿ ನನಗೆ ಖಚಿತವಾಗಿ ಗೊತ್ತಾಗಿತ್ತು: ಕಟ್ಟುವ ಮೊದಲು ಎಷ್ಟು ಕಡ್ಡಿ ಮುರಿಯುತ್ತಿದ್ದವೋ ಕಟ್ಟಿದ ಮೇಲೂ ಅಷ್ಟೇ ಮುರಿಯುತ್ತಿದ್ದವು. ಗಾಲಿ ಕೂದಲೆಳೆಯಷ್ಟೂ ಗಟ್ಟಿಯಾಗಿರಲಿಲ್ಲ. ಆದರೂ ಕೋರ್ಟಿನ ಕಟ್ಟೆಯ ಮೇಲೆ ಯಾರಾದರೂ ಬಾಯಿ ತೆಗೆದರೆ ಮೈಮೇಲೆ ಬೀಳುತ್ತಿದ್ದೆ.

ಒಂದು ಚಳಿಗಾಲ ಗಾಡಿಗಳು ಓಡಿ ಓಡಿ ಜಾಡು ಸವೆದು ರಸ್ತೆಗಳೆಲ್ಲ ನುಣುಪಾಗಿ, ಗಾಲಿ ತಿಂಗಳೆರಡಾದರೂ ಬೆಂಡಾಗಲೇ ಇಲ್ಲ. ಎರಡನೆಯ ತಿಂಗಳ ಕೊನೆಯ ಶನಿವಾರ ನಾನೇ ಕಡ್ಡಿ ಬಿಗಿಯುವ ಚಾವಿ ತೆಗೆದುಕೊಂಡು ಎರಡು ಕಡ್ಡಿಗಳ ತಿರುಪನ್ನು ತಿರುವಿ ಗಾಲಿಯನ್ನು ಸೊಟ್ಟ ಮಾಡಿದೆ. ಮರುದಿನ ಮಿಸ್ತ್ರಿ ಆ ತಿರುಪುಗಳ ಮೇಲೆ ಬೆರಳಾಡಿಸಿದ. ಚಾವಿಯ ಹೊಸ ಗೀರು ಅವನ ಬೆರಳಿಗೆ ಸಿಕ್ಕಿರಲೇಬೇಕು. ರಸ್ತೆ ಬಹಳ ಕೆಟ್ಟದಾಗಿರಬೇಕು ಎಂದಷ್ಟೇ ಅಂದ. ಹೌದು, ಬಹಳ ಕೆಟ್ಟಿದೆ ಎಂದೆ. ಆಮೇಲೆ ನಾಲ್ಕೈದು ಸಲ ಅದನ್ನೇ ಮಾಡಿದೆ, ನಾಚಿಕೆಯಿಲ್ಲದೆ.

ರಾಜ್ಯಗಳನ್ನು ಭಾಷೆಯ ಲೆಕ್ಕದಲ್ಲಿ ಹಂಚಿದಾಗ ನಮ್ಮ ತಾಲೂಕುಗಳು ಮುಂಬಯಿ ಕಡೆ ಬಂದವು, ಬೀದರ ಕಲಬುರ್ಗಿ ಆಚೆ ಹೋದವು. ಮಿಸ್ತ್ರಿಯ ಒಬ್ಬಳೇ ಮಗಳು ಕಲಬುರ್ಗಿಯಲ್ಲಿದ್ದಳು. ಕಣ್ಣು ಪೂರ್ತಿ ಹೋಗುವ ಮೊದಲು ಬಂದುಬಿಡು ಎಂದು ಆಕೆ ಹೇಳಿ ಕಳಿಸುತ್ತಿದ್ದ ಸಂಗತಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿರಲಿಲ್ಲ. ಒಂದು ರವಿವಾರ ಹೋದಾಗ ಅಂಗಡಿಯ ಗೋಡೆಗೆ ನೇತುಹಾಕಿದ್ದ ಟೈರುಗಳು ಇರಲಿಲ್ಲ. ಅವನು ನನ್ನ ಗಾಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಸುಗೆಯ ಕಬ್ಬಿಣ ಕಾಯಿಸಿ, ಒಂದು ಕಟ್ಟಿನ ತವರ ಕರಗಿಸಿ ತಂತಿಯನ್ನು ಬಿಚ್ಚತೊಡಗಿದ. ಸವೆದದ್ದಕ್ಕೆ ಹೊಸ ತಂತಿ ಸುತ್ತುತ್ತಾನೆ ಎಂದುಕೊಂಡೆ. ಅವನು ಎರಡನೆಯದನ್ನು ಬಿಚ್ಚಿದ, ಮೂರನೆಯದನ್ನು ಬಿಚ್ಚಿದ. ನನಗೆ ಕೆಟ್ಟ ಸಿಟ್ಟು ಬಂತು.

"ಯಾರು ಬಿಚ್ಚು ಅಂದ್ರು ನಿಮಗ ಚಾಚಾ?"

ಅವನು ಕೈ ನಿಲ್ಲಿಸಲಿಲ್ಲ. "ಕಟ್ಟಿದ್ರ ಗಾಲಿ ಗಟ್ಟಿ ಆಗಂಗಿಲ್ಲ ಅಂತ ನನಗೂ ಗೊತ್ತದ ತಮ್ಮಾ. ಫೌಜಿನಾಗ ಕಲಿಸಿದ್ರು, ಕಲ್ತೆ. ಈ ಊರಾಗ ಕಟ್ಟಸ್ಕೊಂಡಂವ ನೀ ಒಬ್ಬನೇ. ನಾ ಮಗಳ ಕಡಿ ಹೋದ ಮ್ಯಾಲ ಈ ಬೆಸುಗಿ ಯಾರೂ ಮುಟ್ಟಂಗಿಲ್ಲ." ಇನ್ನೊಂದು ತಂತಿ ಬಿಚ್ಚುತ್ತ ಅಂದ, "ಈಗ ನೀ ಎಷ್ಟು ತಿರುಪು ತಿರುವಿದ್ರೂ ನಿಮ್ಮೂರಂವನೇ ಬೆಂಡು ತೆಗೀತಾನ."

ನನ್ನ ಕಿವಿ ಬಿಸಿಯಾದವು. ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇಪ್ಪತ್ತು ಕಟ್ಟು ಬಿಚ್ಚಿ ಮುಗಿಯುವ ತನಕ ಬಿಚ್ಚಿದ ತಂತಿಗಳನ್ನು ಒಂದೊಂದಾಗಿ ಆರಿಸಿಟ್ಟೆ. ಆಮೇಲೆ ಎಂದಿನಂತೆ ನಾನು ಗಾಲಿ ತಿರುವಿದೆ, ಅವನು ಉಗುರು ಹಿಡಿದ. ಬಿಚ್ಚಿದ ಗಾಲಿ ಬಹಳ ಬೇಗ ನೇರವಾಯಿತು. ಹೊರಡುವಾಗ ಅವನ ಕೈ ಹಿಡಿದುಕೊಂಡು ಏನಾದರೂ ಹೇಳಬೇಕೆಂದಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದೆ.

ಮಳೆಗಾಲ ಕಳೆದ ಮೇಲೆ ಒಂದು ಕಡ್ಡಿ ಮುರಿಯಿತು. ರವಿವಾರ ಬೆಳಿಗ್ಗೆ ನಿಲಂಗಾದ ಅಂಗಡಿಗೇ ಒಯ್ದೆ. ಅಂಗಡಿಯವನು ಹಳೆಯ ಬೆಸುಗೆಯ ಕಪ್ಪು ಕಲೆಗಳನ್ನು ನೋಡಿ, ಕೊನೆಗೂ ಬುದ್ಧಿ ಬಂತಲ್ಲ ಎಂದು ಚೇಷ್ಟೆ ಮಾಡುತ್ತ ಹೊಸ ಕಡ್ಡಿ ಹಾಕಿ, ಬೆಂಡು ತೆಗೆದು ಕೊಟ್ಟ. ಹತ್ತು ನಿಮಿಷದ ಕೆಲಸ. ಹೊರಗೆ ಬಂದಾಗ ಉದಗೀರದ ಬಸ್ಸು ಜನ ತುಂಬಿಕೊಂಡು ಹೊರಡುತ್ತಿತ್ತು. ಗಾಲಿ ನೇರವಾಗಿತ್ತು. ಇಡೀ ದಿನ ಇನ್ನೂ ಹಾಗೇ ಉಳಿದಿತ್ತು.